ಹೊಟ್ಟೆಗೆ ಒಗ್ಗದ ಆಹಾರ ಯಾವುದು?

ಸರಳ ಲೋಲಕದ ಪ್ರಯೋಗವನ್ನು ಮಾಡಿರುವ ವಿದ್ಯಾರ್ಥಿಗಳಿಗೆಲ್ಲ ಒಂದು ನಿಯಮ ಪರಿಚಿತವಾಗಿದೆ. ದಾರದ ಉದ್ದ, ಗುಂಡಿನ ತೂಕ, ತೂಗಾಟದ ಅಗಲ, ಈ ಮೂರರಲ್ಲಿ ಆಂದೋಲನದ ಕಾಲವನ್ನು ನಿರ್ಧರಿಸುವುದು ಯಾವುದೆಂದು ತಿಳಿಯಬೇಕಾದರೆ ಒಂದನ್ನು ಮಾತ್ರ ಬದಲಿಸುತ್ತ ಮಿಕ್ಕೆರಡನ್ನು ಇದ್ದಂತೆಯೇ ಇರಿಸಬೇಕು. ಮೂರನ್ನೂ ಒಮ್ಮೆಗೇ ಬದಲಿಸಿದವನಿಗೆ ಅಂಕಿಗಳು ದೊರೆಯುವುವೇ ಹೊರತು ತಿಳಿವಳಿಕೆ ದೊರೆಯದು. ಇದೇ ನಿಯಮವನ್ನು ಊಟದ ಎಲೆಗೆ ಅನ್ವಯಿಸುವ ವಿಧಾನವೊಂದುಂಟು. ಪ್ರಯೋಗಶಾಲೆಯಲ್ಲಿ ಸುಲಭವೆನಿಸುವ ಈ ನಿಯಮ ಅಡಿಗೆಮನೆಯಲ್ಲಿ ಎಷ್ಟು ಕಠಿನವಾಗುತ್ತದೆಂಬುದನ್ನು ನೋಡೋಣ.

ಕರುಳು ಕೆರಳುವ ಬೇನೆಯನ್ನು ವೈದ್ಯರು ಐ.ಬಿ.ಎಸ್. ಎಂದು ಕರೆಯುತ್ತಾರೆ. ಹೊಟ್ಟೆನೋವು, ಉಬ್ಬರ, ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ, ಇವು ಅದರ ಲಕ್ಷಣಗಳು. ಪರೀಕ್ಷೆಯ ದಿನ ಬೆಳಗ್ಗೆಯೇ ಬಂದೆರಗುವ ಸ್ವಭಾವ ಇದಕ್ಕಿರುವುದರಿಂದ ನಮ್ಮ ವಾಚಕರಲ್ಲಿ ಕೆಲವರಿಗಾದರೂ ಇದು ಅಪರಿಚಿತವಲ್ಲ. ಕರುಳಿನೊಳಗೆ ನಳಿಗೆಯನ್ನಿಳಿಸಿ ನೋಡಿದರೆ ಹುಣ್ಣು ಕಾಣದು, ಗಡ್ಡೆ ಕಾಣದು. ಆದಕಾರಣ ‘ಇದೆಲ್ಲ ಮನಸ್ಸಿನ ಭ್ರಮೆ’ ಎಂಬ ಮಾತನ್ನು ರೋಗಿಯು ಆಗಾಗ ಕೇಳಬೇಕಾಗುತ್ತದೆ.

ಭ್ರಮೆಯಲ್ಲವೆಂಬುದಕ್ಕೆ ಪ್ರಮಾಣವುಂಟು. 1973ರಲ್ಲಿ ರಿಚಿ ಎಂಬ ಬ್ರಿಟಿಷ್ ವೈದ್ಯರು ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಪುಟ್ಟ ಬಲೂನನ್ನಿರಿಸಿ 60 ಮಿಲಿಲೀಟರಿನವರೆಗೆ ಗಾಳಿ ತುಂಬಿದರು. ಈ ಬೇನೆಯಿಲ್ಲದವರಲ್ಲಿ ಶೇಕಡಾ 6 ಮಂದಿಗೆ ನೋವಾಯಿತು. ಬೇನೆಯುಳ್ಳವರಲ್ಲಿ ಶೇಕಡಾ 55 ಮಂದಿಗೆ. 2017ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸಂಶೋಧಕರು ಎಂ.ಆರ್.ಐ. ಯಂತ್ರದ ಸಹಾಯದಿಂದ ಇನ್ನೂ ಸ್ಪಷ್ಟವಾದ ಚಿತ್ರವನ್ನು ಒದಗಿಸಿದರು. ವಾಯುವನ್ನುಂಟುಮಾಡುವ ಒಂದೇ ಪಾನೀಯವನ್ನು ರೋಗಿಗಳಿಗೂ ಆರೋಗ್ಯವಂತರಿಗೂ ಕೊಟ್ಟಾಗ ಕರುಳಿನಲ್ಲಿ ತುಂಬಿದ ವಾಯು ಇಬ್ಬರಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿತ್ತು. ಸಂಕಟ ಮಾತ್ರ ರೋಗಿಗಳಲ್ಲಿ ಅಧಿಕವಾಗಿತ್ತು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಮ್ಮೀಟರಿನ ಮುಳ್ಳು ಅಲುಗದಷ್ಟು ಅಲ್ಪವಾದ ವಿದ್ಯುತ್ಪ್ರವಾಹವೇ ಗ್ಯಾಲ್ವನೋಮೀಟರಿನ ಮುಳ್ಳನ್ನು ಅಂಚಿಗೆ ತಳ್ಳಬಲ್ಲುದು. ಪ್ರವಾಹ ಒಂದೇ, ಉಪಕರಣದ ಸೂಕ್ಷ್ಮತೆ ಬೇರೆ.

ಕರುಳನ್ನು ಹಿಗ್ಗಿಸುವ ಆಹಾರ ಯಾವುದು? ಸಣ್ಣ ಕರುಳಿನಲ್ಲಿ ಹೀರಲ್ಪಡದೆ ಮುಂದೆ ಸಾಗುವ ಕೆಲವು ಶರ್ಕರಗಳ ಮೇಲೆ ಇಂದು ವಿಶೇಷ ಗಮನವಿದೆ. ಈರುಳ್ಳಿ, ಬೆಳ್ಳುಳ್ಳಿ, ಗೋದಿಗಳಲ್ಲಿ ಫ್ರಕ್ಟಾನ್ ಎಂಬುದಿದೆ. ಕಡಲೆ, ಹುರುಳಿಕಾಯಿಯ ಒಣಬೀಜ ಮೊದಲಾದ ದ್ವಿದಳ ಧಾನ್ಯಗಳಲ್ಲಿ ಇದರ ಬಂಧುವಾದ ಗ್ಯಾಲಕ್ಟಾನ್ ಇದೆ. ಇವೆರಡನ್ನೂ ಒಡೆಯುವ ಕಿಣ್ವ ಮಾನವರಲ್ಲಿ ಯಾರಿಗೂ ಇಲ್ಲ. ಹಾಲಿನ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಶಿಶುಗಳಲ್ಲಿ ಯಥೇಚ್ಛವಾಗಿದ್ದು, ದಕ್ಷಿಣ ಭಾರತದ ಬಹುಮಂದಿ ವಯಸ್ಕರಲ್ಲಿ ಕುಗ್ಗಿಹೋಗಿರುತ್ತದೆ. ಹೀರಲ್ಪಡದ ಶರ್ಕರ ಕರುಳಿನಲ್ಲಿ ಎರಡು ಕಾರ್ಯಗಳನ್ನು ಮಾಡುತ್ತದೆ. ಅಣು ಚಿಕ್ಕದಾದರೆ ಅಭಿಸರಣದ ನಿಯಮದಂತೆ ಸುತ್ತಣ ಅಂಗಾಂಶದಿಂದ ನೀರನ್ನು ಸೆಳೆದುಕೊಳ್ಳುತ್ತದೆ. ಅನಂತರ ದೊಡ್ಡ ಕರುಳನ್ನು ಸೇರಿ, ಅಲ್ಲಿಯ ಬ್ಯಾಕ್ಟೀರಿಯಗಳಿಗೆ ಆಹಾರವಾಗಿ, ಜಲಜನಕವೇ ಮೊದಲಾದ ಅನಿಲಗಳನ್ನು ಹುಟ್ಟಿಸುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಗಿಬ್ಸನ್ ಮತ್ತು ಶೆಪರ್ಡ್ ಎಂಬ ಸಂಶೋಧಕರು 2005ರಲ್ಲಿ ಇಂಥ ಶರ್ಕರಗಳ ಗುಂಪಿಗೆ ‘ಫಾಡ್‌ಮ್ಯಾಪ್’ ಎಂಬ ಹೆಸರನ್ನಿತ್ತರು. ಹೆಸರು ಕಿವಿಗೆ ಇಂಪಾಗಿಲ್ಲ. ಆದರೆ ಬಳಕೆಯಲ್ಲಿ ನಿಂತಿದೆ.

ಇಷ್ಟು ತಿಳಿದ ಮೇಲೆ, ತಿಂದುದನ್ನೂ ನೊಂದುದನ್ನೂ ದಿನಚರಿಯಲ್ಲಿ ಬರೆದಿಟ್ಟರೆ ಸಾಲದೆ ಎಂದು ಕೇಳಬಹುದು. ಸಾಲದು. ತಿಂದ ಆಹಾರ ದೊಡ್ಡ ಕರುಳನ್ನು ತಲುಪಲು ಹಲವು ಗಂಟೆಗಳು ಬೇಕು. ಸಂಜೆಯ ಉಬ್ಬರಕ್ಕೆ ಸಂಜೆಯ ಬಜ್ಜಿಯನ್ನು ದೂರಿದರೆ ಬೆಳಗಿನ ಊಟ ತಪ್ಪಿಸಿಕೊಳ್ಳುತ್ತದೆ. ಮೇಲಾಗಿ ನಮ್ಮ ಊಟದಲ್ಲಿ ಒಂದೇ ಪದಾರ್ಥವಿರುವ ಭಕ್ಷ್ಯ ಅಪರೂಪ. ಈರುಳ್ಳಿ ಸಾಂಬಾರಿನಲ್ಲಿ ಬೇಳೆಯೂ ಇದೆ, ಈರುಳ್ಳಿಯೂ ಇದೆ. ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಬೆರಸಿರುವ ಗೋದಿಹಿಟ್ಟೂ ಅದರೊಳಗೆ ಸೇರಿರುತ್ತದೆ. ಮೂರು ಚರಾಂಶಗಳು ಸದಾ ಒಟ್ಟಿಗೇ ಏರಿಳಿಯುತ್ತಿದ್ದರೆ ಎಷ್ಟು ಪುಟ ಬರೆದರೂ ಅವನ್ನು ಬೇರ್ಪಡಿಸಲಾಗದು.

ಆದುದರಿಂದಲೇ ವರ್ಜನ ಪಥ್ಯವೆಂಬ ವಿಧಾನ ಹುಟ್ಟಿತು. ಅನುಮಾನಕ್ಕೆ ಆಸ್ಪದವಿರುವುದನ್ನೆಲ್ಲ ಮೊದಲು ತೆಗೆದುಹಾಕಿ, ಹೊಟ್ಟೆ ಶಾಂತವಾದ ಮೇಲೆ ಒಂದೊಂದನ್ನೇ ಹಿಂದಿರುಗಿಸಿ ನೋಡುವುದು ಇದರ ಸಾರ. ಇಂಗ್ಲೆಂಡಿನ ಕೇಂಬ್ರಿಜ್ಜಿನ ವೈದ್ಯರು 1982ರಲ್ಲಿ 21 ರೋಗಿಗಳನ್ನು ಒಂದು ವಾರದ ಕಾಲ ಒಂದೇ ಬಗೆಯ ಮಾಂಸ, ಒಂದೇ ಬಗೆಯ ಹಣ್ಣು ಮತ್ತು ಶುದ್ಧವಾದ ನೀರಿನ ಮೇಲೆ ಇರಿಸಿ, ಬಳಿಕ ಮಿಕ್ಕ ಆಹಾರಗಳನ್ನು ಒಂದೊಂದಾಗಿ ಸೇರಿಸುತ್ತ ಬಂದರು. 14 ಮಂದಿಯಲ್ಲಿ ನಿರ್ದಿಷ್ಟ ಆಹಾರಗಳಿಂದ ಬೇನೆ ಮರುಕಳಿಸಿತು. ಇಂದು ಅಷ್ಟು ಕಠೋರವಾದ ಪಥ್ಯವನ್ನು ಸಾಮಾನ್ಯವಾಗಿ ವಿಧಿಸುವುದಿಲ್ಲ. ಮೇಲೆ ಹೇಳಿದ ಶರ್ಕರಗಳನ್ನು ಮಾತ್ರ ಎರಡರಿಂದ ಆರು ವಾರ ಬಿಡಿಸುತ್ತಾರೆ. ಮೆಲ್ಬರ್ನಿನಲ್ಲಿ 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 30 ರೋಗಿಗಳಿಗೆ ಊಟವನ್ನೆಲ್ಲ ಸಂಶೋಧಕರೇ ಒದಗಿಸಿದರು. ನೂರಕ್ಕೆ ಅಳೆದ ಬೇನೆ ವಾಡಿಕೆಯ ಆಹಾರದಲ್ಲಿ 44.9 ಇದ್ದುದು ಈ ಪಥ್ಯದಲ್ಲಿ 22.8ಕ್ಕೆ ಇಳಿಯಿತು.

ಇಲ್ಲಿಗೇ ನಿಲ್ಲುವವರು ಬಹುಮಂದಿ. ನಮ್ಮ ದೃಷ್ಟಿಯಲ್ಲಿ ಪ್ರಯೋಗ ಪ್ರಾರಂಭವಾಗುವುದೇ ಇಲ್ಲಿಂದ. ಹತ್ತು ಪದಾರ್ಥಗಳನ್ನು ಬಿಟ್ಟು ಗುಣ ಕಂಡವನು ಆ ಹತ್ತರಲ್ಲಿ ತನಗೆ ಒಗ್ಗದುದು ಯಾವುದೆಂಬುದನ್ನು ಇನ್ನೂ ಅರಿತಿಲ್ಲ. ಬೇನೆ ತಾನಾಗಿಯೇ ಏರಿಳಿಯುವಂಥದು; ಅತಿ ಕೆಟ್ಟ ವಾರದಲ್ಲಿ ಪಥ್ಯ ಹಿಡಿದವನಿಗೆ ಮುಂದಿನ ವಾರ ಪಥ್ಯವಿಲ್ಲದೆಯೂ ಉತ್ತಮವಾಗಿರುವ ಸಂಭವವೇ ಹೆಚ್ಚು. ಇದರ ಮೇಲೆ ನಿರೀಕ್ಷೆಯೆಂಬುದೊಂದು ಇದೆ. ಅದರ ಬಲವನ್ನು ಅಳೆದ ಪ್ರಯೋಗವನ್ನು ತುಸು ವಿವರವಾಗಿ ಹೇಳುವುದು ಉಚಿತ.

ನಾರ್ವೆಯ ಓಸ್ಲೋ ನಗರದಲ್ಲಿ 59 ಮಂದಿಯನ್ನು ಆರಿಸಿಕೊಳ್ಳಲಾಯಿತು. ಅವರಾರಿಗೂ ಸೀಲಿಯಾಕ್ ಎಂಬ ಕರುಳಿನ ರೋಗವಿರಲಿಲ್ಲ. ಆದರೂ ಗೋದಿಯ ಗ್ಲೂಟೆನ್ ಎಂಬ ಪ್ರೋಟೀನು ತಮಗಾಗದೆಂದು ಅವರೇ ನಿರ್ಧರಿಸಿಕೊಂಡು ಅದನ್ನು ಬಿಟ್ಟಿದ್ದರು. ಅವರಿಗೆ ಮೂರು ಬಗೆಯ ಧಾನ್ಯದ ಬಿಲ್ಲೆಗಳನ್ನು, ಒಂದೊಂದನ್ನು ಏಳು ದಿನ, ನಡುವೆ ಬಿಡುವು ಕೊಟ್ಟು, ತಿನ್ನಿಸಲಾಯಿತು. ಒಂದರಲ್ಲಿ ಗ್ಲೂಟೆನ್, ಒಂದರಲ್ಲಿ ಫ್ರಕ್ಟಾನ್, ಮತ್ತೊಂದರಲ್ಲಿ ಎರಡೂ ಇಲ್ಲ. ತಿನ್ನುವವನಿಗಾಗಲಿ ಕೊಡುವವನಿಗಾಗಲಿ ಯಾವುದು ಯಾವುದೆಂದು ಗೊತ್ತಿರಲಿಲ್ಲ. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅತ್ಯಧಿಕ ಬೇನೆ 24 ಮಂದಿಗೆ ಫ್ರಕ್ಟಾನಿನ ವಾರದಲ್ಲಿಯೂ, 13 ಮಂದಿಗೆ ಗ್ಲೂಟೆನಿನ ವಾರದಲ್ಲಿಯೂ ಕಂಡಿತು. ಉಳಿದ 22 ಮಂದಿಗೆ ಬೇನೆ ಅತ್ಯಧಿಕವಾದದ್ದು ಏನೂ ಇಲ್ಲದ ಬಿಲ್ಲೆಯಿಂದ! ಆ 22 ಮಂದಿ ಸುಳ್ಳು ಹೇಳಿದರೆಂದು ವಾಚಕರು ಭಾವಿಸಬಾರದು. ಹೊಟ್ಟೆ ನಿಜವಾಗಿಯೂ ನೊಂದಿರಬೇಕು. ಕಾರಣ ಮಾತ್ರ ಬಿಲ್ಲೆಯಲ್ಲಿರಲಿಲ್ಲ. ಗೋದಿಯನ್ನು ಬಿಟ್ಟು ಗುಣ ಕಂಡವರಲ್ಲಿ ಹಲವರು ತಪ್ಪು ಹೊರಿಸಿದ್ದು ಗ್ಲೂಟೆನಿನ ಮೇಲೆ, ನೋಯಿಸುತ್ತಿದ್ದುದು ಅದೇ ಗೋದಿಯ ಫ್ರಕ್ಟಾನ್ ಎಂಬುದೂ ಇದರಿಂದ ತೋರುತ್ತದೆ.

ಮನೆಯಲ್ಲಿ ಇಂಥ ಮುಸುಕಿನ ಪ್ರಯೋಗ ಸುಲಭವಲ್ಲ. ಆದರೂ ಹಿಂದಿರುಗಿಸುವ ಕ್ರಮವನ್ನು ಶಿಸ್ತಿನಿಂದ ನಡೆಸಬಹುದು. ಪಥ್ಯವನ್ನು ಮುಂದುವರಿಸುತ್ತಲೇ ಹಾಲನ್ನು ಮಾತ್ರ ಮೂರು ದಿನ, ದಿನದಿನಕ್ಕೆ ಪ್ರಮಾಣವನ್ನು ಏರಿಸುತ್ತ, ಸೇವಿಸಬೇಕು. ಫಲ ಏನಾದರೂ ಆಗಲಿ, ಅದನ್ನು ನಿಲ್ಲಿಸಿ ಎರಡು ಮೂರು ದಿನ ಹೊಟ್ಟೆ ಮೊದಲಿನ ಸ್ಥಿತಿಗೆ ಬಂದ ಮೇಲೆ ಈರುಳ್ಳಿ, ಅನಂತರ ಗೋದಿ, ಅನಂತರ ಬೇಳೆ. ಹೀಗೆ ಮಾಡಿದವರಲ್ಲಿ ಅನೇಕರಿಗೆ ತಾವು ಬಿಟ್ಟಿದ್ದುದರಲ್ಲಿ ಬಹುಪಾಲು ನಿರಪಾಯಕರವೆಂಬುದೂ, ಮಿಕ್ಕದ್ದರಲ್ಲಿಯೂ ಇಂತಿಷ್ಟು ಸಹ್ಯವೆಂಬುದೂ ತಿಳಿದುಬರುತ್ತದೆ. ಈ ಎರಡನೆಯ ಹಂತವನ್ನು ಕೈಬಿಟ್ಟವರು ಒಂದೊಂದಾಗಿ ಆಹಾರಗಳನ್ನು ತೊರೆಯುತ್ತ ಕೊನೆಗೆ ಅನ್ನ ಮಜ್ಜಿಗೆಗೆ ಇಳಿಯುವುದುಂಟು. ಬೆಳೆಯುವ ವಯಸ್ಸಿನವರಿಗೆ ಇದು ಅಪಾಯಕರ. ಈ ಪಥ್ಯದಲ್ಲಿ ಕರುಳಿನ ಉಪಕಾರಿ ಬ್ಯಾಕ್ಟೀರಿಯಗಳಲ್ಲಿ ಕೆಲವು ಕಡಮೆಯಾಗುವುದೂ ಕಂಡುಬಂದಿದೆ. ಆದಕಾರಣ ಆಹಾರತಜ್ಞರ ಸಲಹೆಯಿಲ್ಲದೆ ಇದನ್ನು ಕೈಕೊಳ್ಳಬಾರದು.

ಇನ್ನೂ ಒಂದು ಮುಖ್ಯ ವಿಷಯ. ಸೀಲಿಯಾಕ್ ರೋಗದ ರಕ್ತಪರೀಕ್ಷೆ ಗೋದಿಯನ್ನು ತಿನ್ನುತ್ತಿರುವವರಲ್ಲಿ ಮಾತ್ರ ನಂಬಲರ್ಹ. ಗೋದಿಯನ್ನು ಬಿಟ್ಟು ಅನಂತರ ವೈದ್ಯರ ಬಳಿಗೆ ಹೋದರೆ ರೋಗವಿದ್ದರೂ ಪರೀಕ್ಷೆ ಇಲ್ಲವೆನ್ನಬಹುದು. ಪರೀಕ್ಷೆ ಮೊದಲು, ಪಥ್ಯ ಆಮೇಲೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದೆಬ್ಬಿಸುವ ಭೇದಿ, ಇವುಗಳಲ್ಲಿ ಯಾವುದಿದ್ದರೂ ಪ್ರಯೋಗದ ಮಾತೇ ಬೇಡ. ಕೂಡಲೆ ವೈದ್ಯರನ್ನು ಕಾಣಬೇಕು.

ಫ್ರಕ್ಟಾನ್ ಒಗ್ಗದೆಂದು ಖಚಿತವಾದವರು ಬೆಳ್ಳುಳ್ಳಿಯ ಪರಿಮಳವನ್ನು ಪೂರ್ತಿ ತೊರೆಯಬೇಕಾಗಿಲ್ಲ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಪರಿಮಳದ ದ್ರವ್ಯಗಳಾದರೋ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಕುದಿಯುವ ಸಾರಿಗೆ ಹಾಕಿದ ಎಸಳುಗಳನ್ನು ಆಮೇಲೆ ಆರಿಸಿ ತೆಗೆದರೆ ಪ್ರಯೋಜನವಿಲ್ಲ; ಫ್ರಕ್ಟಾನ್ ಆಗಲೇ ಸಾರಿಗಿಳಿದಿರುತ್ತದೆ. ಎಸಳುಗಳನ್ನು ಒಗ್ಗರಣೆಯ ಎಣ್ಣೆಯಲ್ಲಿ ಹುರಿದು, ಒಂದು ಚೂರೂ ಉಳಿಯದಂತೆ ತೆಗೆದುಹಾಕಿ, ಆ ಎಣ್ಣೆಯನ್ನು ಮಾತ್ರ ಸಾರಿಗೆ ಸುರಿದರೆ ಘಮಲು ಬರುತ್ತದೆ, ಫ್ರಕ್ಟಾನ್ ಬಾಣಲೆಯಿಂದ ತೆಗೆದ ಎಸಳುಗಳಲ್ಲಿಯೇ ಉಳಿಯುತ್ತದೆ.