ಬೇಸಿಗೆ ಮನೆಗೆ ಹಡಗಿನ ಹಾದಿ

ಜುಲೈ ತಿಂಗಳ ಆರಂಭದಲ್ಲಿ ಸ್ಟಾಕ್‌ಹೋಮ್ ನಗರದ ಹಡಗುಕಟ್ಟೆಯಲ್ಲಿ ರಾತ್ರಿ ಊಟದ ಹೊತ್ತಾದರೂ ಬಿಸಿಲು ಆರಿರುವುದಿಲ್ಲ. ಅಂಕೆ ಬರೆದ ಸಾಲುಗಳಲ್ಲಿ ನೂರಾರು ಕಾರುಗಳು ನಿಂತಿರುತ್ತವೆ. ಮೇಲ್ಭಾಗಕ್ಕೆ ಬಿಗಿದ ಪೆಟ್ಟಿಗೆ, ಹಿಂಬದಿಗೆ ಕಟ್ಟಿದ ಸೈಕಲ್ಲುಗಳು, ಒಳಗೆ ಹಾಸಿಗೆ ಬಟ್ಟೆ, ಮೀನು ಗಾಳ, ಮಕ್ಕಳು, ಕೆಲವು ಕಾರುಗಳಲ್ಲಿ ನಾಯಿಯೂ ಉಂಟು. ಇವರಲ್ಲಿ ಕೆಲವರು ಪಶ್ಚಿಮ ತೀರದ ಗೋಥೆನ್‌ಬರ್ಗ್‌ನಿಂದ ಹೊರಟು 470 ಕಿ.ಮೀ. ದೂರ ಕ್ರಮಿಸಿ ಬಂದವರು. ಹಡಗಿನ ಬಾಗಿಲು ತೆರೆದೊಡನೆ ಕಾರುಗಳು ಒಂದರ ಹಿಂದೊಂದು ಅದರ ಹೊಟ್ಟೆಯೊಳಗೆ ಸಾಗುತ್ತವೆ. ಪ್ರಯಾಣಿಕರು ಕಾರುಗಳಿಗೆ ಬೀಗ ಹಾಕಿ ಮೇಲಿನ ಅಂತಸ್ತುಗಳಿಗೆ ಹೋಗುತ್ತಾರೆ. ಮರುದಿನ ಬೆಳಿಗ್ಗೆ ಫಿನ್ಲೆಂಡಿನ ತುರ್ಕು ಬಂದರು. ಅಲ್ಲಿಂದ ಮತ್ತೆ ಕೆಲವು ಗಂಟೆಗಳ ರಸ್ತೆ ಪ್ರಯಾಣ. ಕೊನೆಗೆ ಸರೋವರದ ದಡದಲ್ಲೊಂದು ಮರದ ಮನೆ.

ಇದೇ ದೂರವನ್ನು ನೆಲದ ಮೇಲೆಯೇ ಕ್ರಮಿಸಬೇಕೆಂದರೆ ಬೋತ್ನಿಯಾ ಕೊಲ್ಲಿಯ ಉತ್ತರ ತುದಿಯನ್ನು ಬಳಸಿ ಹೋಗಬೇಕು. ಸ್ಟಾಕ್‌ಹೋಮ್‌ನಿಂದ ತುರ್ಕುವಿಗೆ ಆ ದಾರಿ 1,700 ಕಿ.ಮೀ.ಗೂ ಹೆಚ್ಚು. ಆದಕಾರಣ ಕಾರು ಕೊಂಡೊಯ್ಯುವ ಕುಟುಂಬಕ್ಕೆ ಹಡಗಿಗೆ ಪರ್ಯಾಯವೇ ಇಲ್ಲವೆನ್ನಬಹುದು. ಆದರೆ ಈ ಹಡಗುಗಳು ವರ್ಷವಿಡೀ ಓಡುತ್ತಿರುವುದು ಆ ಕುಟುಂಬ ಕೊಡುವ ಟಿಕೆಟ್ ಹಣದಿಂದ ಮಾತ್ರವಲ್ಲ. ಅವುಗಳ ಲೆಕ್ಕಪತ್ರವನ್ನು ಬಿಡಿಸಿ ನೋಡಿದರೆ ವ್ಯಾಪಾರಸ್ಥರಿಗೆ ಆಸಕ್ತಿ ಹುಟ್ಟಿಸುವ ಸಂಗತಿಗಳು ಹಲವು.

ಮೊದಲು ಪ್ರಯಾಣಿಕರ ವಿಷಯ. ಫಿನ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ಅಲ್ಲಿರುವ ಬೇಸಿಗೆ ಮನೆಗಳ ಸಂಖ್ಯೆ 5 ಲಕ್ಷಕ್ಕೂ ಅಧಿಕ. ಫಿನ್ನಿಷ್ ಭಾಷೆಯಲ್ಲಿ ‘ಮೊಕ್ಕಿ’ ಎಂದು ಕರೆಯಲಾಗುವ ಈ ಮನೆ ಐಷಾರಾಮದ ಬಂಗಲೆಯಲ್ಲ. ಒಂದೆರಡು ಕೋಣೆ, ಸೌದೆ ಒಲೆ, ನೀರಿನಂಚಿನಲ್ಲಿ ಹಬೆಸ್ನಾನದ ಸೌನಾ, ಕಟ್ಟಿಹಾಕಿದ ಹುಟ್ಟುದೋಣಿ, ಇಷ್ಟೇ. ನಲ್ಲಿ ನೀರಿಲ್ಲದ, ಶೌಚಾಲಯ ಹೊರಗಿರುವ ಮನೆಗಳು ಇಂದಿಗೂ ಸಾಕಷ್ಟಿವೆ. ಅನುಕೂಲಗಳುಳ್ಳ ನಗರವಾಸಿಗಳು ಹಣ ತೆತ್ತು, ಸಮುದ್ರ ದಾಟಿ, ಅನನುಕೂಲವನ್ನು ಅರಸಿ ಹೋಗುವುದು ಹೊರಗಿನವರಿಗೆ ವಿಚಿತ್ರವೆನಿಸೀತು.

ಸ್ವೀಡನ್ನಿನಿಂದ ಹೀಗೆ ಹೋಗುವವರಲ್ಲಿ ದೊಡ್ಡದೊಂದು ಪಾಲು ಫಿನ್ನಿಷ್ ಮೂಲದವರದು. 1954ರಲ್ಲಿ ನಾರ್ಡಿಕ್ ದೇಶಗಳು ಪರಸ್ಪರರ ಪ್ರಜೆಗಳಿಗೆ ಉದ್ಯೋಗ ಮಾರುಕಟ್ಟೆಯನ್ನು ತೆರೆದವು. ಆಗ ಸ್ವೀಡನ್ನಿನ ಕಾರ್ಖಾನೆಗಳಿಗೆ ಕೈಗಳು ಬೇಕಾಗಿದ್ದವು. ಫಿನ್ಲೆಂಡಿನ ಹಳ್ಳಿಗಳಲ್ಲಿ ಕೆಲಸ ಸಾಲದಾಗಿತ್ತು. 1969 ಮತ್ತು 1970ರ ಎರಡೇ ವರ್ಷಗಳಲ್ಲಿ ಸುಮಾರು 80,000 ಮಂದಿ ಸಮುದ್ರ ದಾಟಿದರು. ಬೆಂಗಳೂರಿಗರಿಗೆ ಬಸ್ಸಿನ ಮೂಲಕ ಪರಿಚಿತವಾದ ವೋಲ್ವೋ ಹೆಸರಿನ ಗೋಥೆನ್‌ಬರ್ಗ್ ಕಾರ್ಖಾನೆಯಲ್ಲಿಯೂ ಇವರು ದೊಡ್ಡ ಸಂಖ್ಯೆಯಲ್ಲಿ ದುಡಿದರು. ಜುಲೈ ತಿಂಗಳಲ್ಲಿ ಕಾರ್ಖಾನೆಗಳಿಗೆ ಸಾಮೂಹಿಕ ರಜೆ ದೊರೆತೊಡನೆ ಊರಿನತ್ತ ಹೊರಡುವುದು ವಾರ್ಷಿಕ ಪದ್ಧತಿಯೇ ಆಯಿತು. ತಂದೆತಾಯಿಯರ ಹೊಲದ ಮೂಲೆಯಲ್ಲಿ ಕಟ್ಟಿಕೊಂಡ ಮೊಕ್ಕಿ, ಬಿಟ್ಟುಬಂದ ಊರಿನೊಡನೆ ಉಳಿದ ನಂಟು.

ಕಾರನ್ನು ಓಡಿಸಿಕೊಂಡೇ ಹಡಗು ಹತ್ತುವ ಸೌಕರ್ಯ ಈ ಹಾದಿಯಲ್ಲಿ ಅಷ್ಟೇನೂ ಹಳೆಯದಲ್ಲ. ಹಿಂದಿನ ಉಗಿಹಡಗುಗಳಿಗೆ ಕಾರನ್ನು ಸಾಮಾನ್ಯವಾಗಿ ಕ್ರೇನಿನಿಂದ ಎತ್ತಿ ಇಡಬೇಕಾಗುತ್ತಿತ್ತು. ಓಲಂಡ್ ದ್ವೀಪಗಳ ನಾವಿಕ ಗುನ್ನಾರ್ ಎಕ್ಲುಂಡ್ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಓಡಿ ಹಳತಾಗಿದ್ದ ಹಡಗೊಂದನ್ನು ಕೊಂಡು, ‘ವೈಕಿಂಗ್’ ಎಂದು ಹೆಸರಿಟ್ಟು, 1959ರಲ್ಲಿ ಸ್ವೀಡನ್, ಓಲಂಡ್ ಹಾಗೂ ಫಿನ್ಲೆಂಡ್ ನಡುವೆ ಓಡಿಸತೊಡಗಿದರು. 1961ರಲ್ಲಿ ಪ್ರತಿಸ್ಪರ್ಧಿಯಾದ ಸಿಲ್ಯಾ ಸಂಸ್ಥೆ ಕಾರುಗಳಿಗೆಂದೇ ಕಟ್ಟಿಸಿದ ‘ಸ್ಕಾಂಡಿಯಾ’ ಹಡಗನ್ನು ಇಳಿಸಿತು. ಆಗ ಇನ್ನೊಂದು ತೊಡಕಿತ್ತು. 1967ರ ಸೆಪ್ಟೆಂಬರ್ 3ರವರೆಗೆ ಸ್ವೀಡನ್ನಿನಲ್ಲಿ ನಮ್ಮಲ್ಲಿರುವಂತೆ ಎಡಬದಿಯ ಸಂಚಾರ, ಫಿನ್ಲೆಂಡಿನಲ್ಲಿ ಬಲಬದಿಯದು. ರಾತ್ರಿ ಎಡಕ್ಕೆ ಓಡಿಸಿ ಹಡಗೇರಿದ ಚಾಲಕ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಬಲಕ್ಕೆ ಓಡಿಸಬೇಕಿತ್ತು.

ಇನ್ನು ಹಣದ ವಿಚಾರ. ಕಾರುಗಳ ದಟ್ಟಣೆ ಬೇಸಿಗೆಯ ಕೆಲವೇ ವಾರಗಳದು. ಆದರೆ ಹಡಗಿನ ಸಾಲದ ಬಡ್ಡಿ, ಸಿಬ್ಬಂದಿಯ ಸಂಬಳ, ಇಂಧನ ಹನ್ನೆರಡು ತಿಂಗಳಿನವು. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದಾಗಲೂ ಹಡಗು ಮಂಜುಗಡ್ಡೆಯನ್ನು ಸೀಳಿಕೊಂಡು ಹೊರಡಲೇಬೇಕು. ಈ ಅಂತರವನ್ನು ತುಂಬುವವರು ಇಬ್ಬರು: ಕೆಳ ಅಂತಸ್ತಿನ ಲಾರಿಗಳು ಮತ್ತು ಮೇಲಂತಸ್ತಿನ ಅಂಗಡಿ. ಸ್ವೀಡನ್, ಫಿನ್ಲೆಂಡ್ ಎರಡೂ ದೇಶಗಳಲ್ಲಿ ಮದ್ಯದ ಮೇಲೆ ಭಾರಿ ತೆರಿಗೆ. ಗಡುಸು ಮದ್ಯದ ಚಿಲ್ಲರೆ ಮಾರಾಟ ಸರ್ಕಾರಿ ಅಂಗಡಿಗಳ ಏಕಸ್ವಾಮ್ಯ. ಆದುದರಿಂದ ಸುಂಕವಿಲ್ಲದೆ ಮದ್ಯ, ತಂಬಾಕು, ಸುಗಂಧದ್ರವ್ಯ ದೊರೆಯುವ ಹಡಗಿನ ಅಂಗಡಿ ದಶಕಗಳ ಕಾಲ ಈ ಉದ್ಯಮದ ಬೆನ್ನೆಲುಬಾಗಿ ನಿಂತಿತು. ಬೇಸಿಗೆಯಲ್ಲದ ದಿನಗಳಲ್ಲಿ ಎದುರು ತೀರ ಮುಟ್ಟಿ, ಇಳಿಯದೆ ಹಿಂತಿರುಗುವ ಅಗ್ಗದ ವಿಹಾರಯಾತ್ರೆಗಳು ಹುಟ್ಟಿಕೊಂಡದ್ದೂ ಅಂಗಡಿ ಹಾಗೂ ಊಟದ ಮನೆಯ ವಹಿವಾಟನ್ನು ನಂಬಿಯೇ.

ಆದಕಾರಣ ಐರೋಪ್ಯ ಒಕ್ಕೂಟ ತನ್ನ ಸದಸ್ಯ ದೇಶಗಳ ನಡುವಣ ಪ್ರಯಾಣದಲ್ಲಿ ಸುಂಕರಹಿತ ಮಾರಾಟವನ್ನು 1999ರ ಜುಲೈ 1ರಿಂದ ರದ್ದುಪಡಿಸಿದ ನಿರ್ಧಾರ ಈ ಕಂಪನಿಗಳ ಬುಡಕ್ಕೇ ಪೆಟ್ಟು ಕೊಡಬಹುದಾಗಿತ್ತು. ಕೊಡಲಿಲ್ಲ, ಕಾರಣ ನಡುದಾರಿಯಲ್ಲಿರುವ ಓಲಂಡ್. ಸುಮಾರು 30,000 ಜನರಿರುವ, ಸ್ವೀಡಿಷ್ ಭಾಷೆಯಾಡುವ ಈ ದ್ವೀಪಸಮೂಹ ಫಿನ್ಲೆಂಡಿನ ಸ್ವಾಯತ್ತ ಪ್ರದೇಶ. 1995ರಲ್ಲಿ ಫಿನ್ಲೆಂಡ್ ಒಕ್ಕೂಟವನ್ನು ಸೇರಿದಾಗ ಓಲಂಡ್‌ಗೆಂದು ಪ್ರತ್ಯೇಕ ಒಡಂಬಡಿಕೆ ಆಯಿತು. ಅದರಂತೆ ಓಲಂಡ್ ಒಕ್ಕೂಟದ ಒಳಗಿದ್ದರೂ ಅದರ ಮೌಲ್ಯವರ್ಧಿತ ತೆರಿಗೆ ಮತ್ತು ಅಬಕಾರಿ ಸುಂಕದ ವಲಯದ ಹೊರಗಿದೆ. ಹಡಗೊಂದು ಅಲ್ಲಿ ಲಂಗರು ಹಾಕಿ ಹೋದರೆ ಸುಂಕರಹಿತ ಮಾರಾಟ ನ್ಯಾಯಸಮ್ಮತ. ಹೀಗಾಗಿ ಸ್ಟಾಕ್‌ಹೋಮ್ ಮತ್ತು ತುರ್ಕು ನಡುವಣ ರಾತ್ರಿಯ ಹಡಗುಗಳು ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಮರಿಯೆಹಾಮ್ ಅಥವಾ ಲೋಂಗ್‌ನೆಸ್ ಬಂದರಿಗೆ ತಾಗಿ, ಕೆಲವು ನಿಮಿಷ ನಿಂತು, ಮುಂದೆ ಸಾಗುತ್ತವೆ. ಇಳಿಯುವವರು ಬೆರಳೆಣಿಕೆಯಷ್ಟಿದ್ದರೂ ನಿಲುಗಡೆ ತಪ್ಪುವುದಿಲ್ಲ. ಓಲಂಡ್‌ನಲ್ಲಿಯೇ ಬೇಸಿಗೆ ಮನೆ ಮಾಡಬಾರದೇಕೆ ಎಂದು ಕೇಳುವವರಿಗೆ ಉತ್ತರವೂ ಕಾನೂನಿನಲ್ಲಿದೆ: ಅಲ್ಲಿನ ನಿವಾಸಿ ಹಕ್ಕು ಇಲ್ಲದ ಹೊರಗಿನವರು ವಿಶೇಷ ಅನುಮತಿಯಿಲ್ಲದೆ ನೆಲ ಕೊಳ್ಳುವಂತಿಲ್ಲ.

ಅಂಗಡಿಯೊಂದಿದ್ದರೆ ಸಾಕು, ನಷ್ಟದ ಭಯವಿಲ್ಲ ಎಂದು ಭಾವಿಸುವಂತಿಲ್ಲ. ವೈಕಿಂಗ್ ಲೈನ್ ಕೂಟದ ಸ್ವೀಡಿಷ್ ಪಾಲುದಾರ ಸ್ಲಿಟೆ ಸಂಸ್ಥೆಯ ಕಥೆ ಆಮದು ರಫ್ತು ವ್ಯವಹಾರಸ್ಥರು ನೆನಪಿನಲ್ಲಿಡಬೇಕಾದುದು. ಅದು ಜರ್ಮನಿಯ ಹಡಗು ಕಾರ್ಖಾನೆಗೆ ‘ಯೂರೋಪಾ’ ಎಂಬ ಭಾರಿ ಹಡಗಿನ ಬೇಡಿಕೆ ಸಲ್ಲಿಸಿತ್ತು. 1992ರ ನವೆಂಬರಿನಲ್ಲಿ ಸ್ವೀಡಿಷ್ ಕ್ರೋನಾದ ಸ್ಥಿರ ವಿನಿಮಯ ದರ ಕುಸಿದು ಹಡಗಿನ ಬೆಲೆ ಕೈಮೀರಿತು. 1993ರಲ್ಲಿ ಸ್ಲಿಟೆ ದಿವಾಳಿಯಾಯಿತು; ಅದು ಬಯಸಿದ ಹಡಗು ಪ್ರತಿಸ್ಪರ್ಧಿಯ ಹೆಸರು ಹೊತ್ತು ‘ಸಿಲ್ಯಾ ಯೂರೋಪಾ’ ಆಗಿ ಅದೇ ವರ್ಷ ಕಡಲಿಗಿಳಿಯಿತು. ಮರುವರ್ಷ, 1994ರ ಸೆಪ್ಟೆಂಬರ್ 28ರಂದು, ತಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೊರಟ ‘ಎಸ್ಟೋನಿಯಾ’ ಹಡಗಿನ ಮುಂಬಾಗಿಲಿನ ಹೊದಿಕೆ ಕಳಚಿ, ಕಾರುಗಳ ಅಂತಸ್ತಿಗೆ ನೀರು ನುಗ್ಗಿ 852 ಮಂದಿ ಮಡಿದರು. ಅನಂತರ ಈ ಮಾದರಿಯ ಹಡಗುಗಳ ಸುರಕ್ಷತಾ ನಿಯಮಗಳು ಬಿಗಿಯಾದವು. 2006ರಲ್ಲಿ ಸಿಲ್ಯಾ ಎಸ್ಟೋನಿಯಾ ದೇಶದ ತಾಲಿಂಕ್ ಸಂಸ್ಥೆಯ ಪಾಲಾಯಿತು.

ಇತ್ತೀಚಿನ ಹೊರೆ ಇಂಧನದ್ದು. 2015ರಿಂದ ಬಾಲ್ಟಿಕ್ ಸಮುದ್ರದಲ್ಲಿ ಶೇ. 0.1ಕ್ಕಿಂತ ಹೆಚ್ಚು ಗಂಧಕವಿರುವ ತೈಲ ಉರಿಸುವಂತಿಲ್ಲ. ಇದನ್ನು ಮುಂಗಂಡೇ ವೈಕಿಂಗ್ ಲೈನ್ ತುರ್ಕುವಿನಲ್ಲಿಯೇ ಕಟ್ಟಿಸಿದ, ದ್ರವೀಕೃತ ನೈಸರ್ಗಿಕ ಅನಿಲ ಬಳಸುವ ‘ವೈಕಿಂಗ್ ಗ್ರೇಸ್’ ಹಡಗನ್ನು 2013ರಲ್ಲಿ ಓಡಿಸತೊಡಗಿತು. ಅದರ ಜೊತೆಗಾತಿ ‘ವೈಕಿಂಗ್ ಗ್ಲೋರಿ’ಯನ್ನು ಕಟ್ಟಿದ್ದು ಚೀನಾದ ಶಿಯಾಮೆನ್‌ನಲ್ಲಿ, ಸೇವೆಗೆ ಬಂದದ್ದು 2022ರಲ್ಲಿ. ನಡುವೆ 2020ರ ಸಾಂಕ್ರಾಮಿಕದಲ್ಲಿ ಪ್ರಯಾಣಿಕರು ಇಲ್ಲವಾದರು. ಆದರೂ ಫಿನ್ಲೆಂಡ್ ಸರ್ಕಾರ ನೆರವು ನೀಡಿ ಕೆಲವು ಮಾರ್ಗಗಳನ್ನು ನಡೆಸಿತು. ಉದ್ದೇಶ ಮೊಕ್ಕಿಗೆ ಹೋಗುವವರ ಅನುಕೂಲವಲ್ಲ. ಲಾರಿಗಳು ನಿಂತರೆ ದೇಶದ ಪೂರೈಕೆಯೇ ನಿಲ್ಲುತ್ತದೆಂಬ ಆತಂಕ.

ಎದುರು ತೀರದಲ್ಲಿ ಈ ಕಾರುಗಳಿಗಾಗಿ ಕಾದಿರುವವರೂ ಇದ್ದಾರೆ. ಪುಮಾಲ, ಕುಸ್ತವಿಯಂತಹ ಸಣ್ಣ ಪುರಸಭೆಗಳಲ್ಲಿ ಕಾಯಂ ವಾಸದ ಮನೆಗಳಿಗಿಂತ ಬೇಸಿಗೆ ಮನೆಗಳೇ ಹೆಚ್ಚು. ಹಳ್ಳಿಯ ದಿನಸಿ ಅಂಗಡಿ, ಪೆಟ್ರೋಲ್ ಪಂಪು, ಬಡಗಿ, ದೋಣಿ ರಿಪೇರಿಯವರು ಜೂನ್‌ನಿಂದ ಆಗಸ್ಟ್‌ವರೆಗಿನ ವ್ಯಾಪಾರದಿಂದ ಉಳಿದ ತಿಂಗಳುಗಳನ್ನು ದಾಟಿಸಬೇಕು. ಕಾಯಂ ವಾಸವಿಲ್ಲದ ಮನೆಗಳಿಗೆ ಹೆಚ್ಚಿನ ದರದ ಆಸ್ತಿ ತೆರಿಗೆ ವಿಧಿಸಲು ಪುರಸಭೆಗಳಿಗೆ ಕಾನೂನು ಅವಕಾಶ ನೀಡಿದೆ. ಆದರೆ ತೆರಿಗೆ ಕಟ್ಟುವ ಈ ರಜಾವಾಸಿಗೆ ಅಲ್ಲಿ ಮತವಿಲ್ಲ. ಸ್ವೀಡನ್ನಿನವರ ಗಳಿಕೆ ಕ್ರೋನಾದಲ್ಲಿ, ಖರ್ಚು ಯೂರೋದಲ್ಲಿ. 2023ರಲ್ಲಿ ಯೂರೋ ಎದುರು ಕ್ರೋನಾ ದಾಖಲೆಯ ಮಟ್ಟಕ್ಕೆ ಇಳಿದಾಗ ಮೊಕ್ಕಿಯ ಮಾಡು ದುರಸ್ತಿಯೂ ಅಷ್ಟರಮಟ್ಟಿಗೆ ದುಬಾರಿಯಾಯಿತು.

ಇದಕ್ಕಿಂತ ದೊಡ್ಡ ಪ್ರಶ್ನೆ ಪೀಳಿಗೆಯದು. 1970ರಲ್ಲಿ ಇಪ್ಪತ್ತರ ಹರೆಯದಲ್ಲಿ ಸಮುದ್ರ ದಾಟಿದವರಿಗೆ ಈಗ ಎಪ್ಪತ್ತೈದು ಕಳೆದಿದೆ. ಸ್ವೀಡನ್ನಿನಲ್ಲಿ ಹುಟ್ಟಿದ ಮೊಮ್ಮಕ್ಕಳಲ್ಲಿ ಹಲವರಿಗೆ ಫಿನ್ನಿಷ್ ಭಾಷೆ ಬಾರದು. ಒಂದೇ ಮೊಕ್ಕಿಗೆ ನಾಲ್ಕಾರು ವಾರಸುದಾರರು. ದುರಸ್ತಿ ಯಾರದು, ಜುಲೈ ತಿಂಗಳ ಸರದಿ ಯಾರದು ಎಂಬ ಚರ್ಚೆ ಹಡಗಿನ ಊಟದ ಮೇಜಿನಲ್ಲಿಯೇ ಆರಂಭವಾಗುತ್ತದೆ. ಮಾರಿಬಿಡೋಣವೆಂದರೆ ದೂರದ ಹಳ್ಳಿಯ, ನೀರು ನಲ್ಲಿಯಿಲ್ಲದ ಮನೆಗೆ ಕೊಳ್ಳುವವರು ಸುಲಭದಲ್ಲಿ ದೊರೆಯುವುದಿಲ್ಲ.

ಫಿನ್ಲೆಂಡಿನ ಗಡಿಯಾರ ಸ್ವೀಡನ್ನಿಗಿಂತ ಒಂದು ಗಂಟೆ ಮುಂದೆ. ಅದನ್ನು ಮರೆತವರನ್ನು ಧ್ವನಿವರ್ಧಕ ಎಬ್ಬಿಸುತ್ತದೆ. ದ್ವೀಪಗಳ ನಡುವಿನಿಂದ ಹಡಗು ತುರ್ಕು ಬಂದರನ್ನು ಹೊಕ್ಕಾಗ ಬೆಳಿಗ್ಗೆ ಏಳರ ಸುಮಾರು. ಅಜ್ಜ ಮುಂದಿನ ಆಸನದಲ್ಲಿ, ಚಕ್ರ ಮಗಳ ಕೈಯಲ್ಲಿ. ಮುಂದಿನ ಲಾರಿ ಕದಲಿದೊಡನೆ ಕಾರುಗಳ ಸಾಲು ನಿಧಾನವಾಗಿ ದಡಕ್ಕಿಳಿಯುತ್ತದೆ.