ಗುಳ್ಳದ ಗದ್ದೆಯಿಂದ ಘಾಟಿಯ ಬುಡಕ್ಕೆ, ಸೈಕಲ್ಲಿನಲ್ಲಿ

ಕಾಪು ಪೇಟೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಲಾರಿಗಳ ಸದ್ದು ಅಡಗಿ ಕಡಲಿನ ಮೊರೆತ ಕೇಳತೊಡಗುತ್ತದೆ. 1901ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿ ಬಂಡೆಯ ಮೇಲೆ ನಿಂತಿದೆ. ಬಂದವರು ಅದನ್ನು ಹತ್ತಿಳಿದು, ಫೋಟೊ ತೆಗೆದು, ಬಂದ ದಾರಿಯಲ್ಲೇ ಹೆದ್ದಾರಿಗೆ ಮರಳುತ್ತಾರೆ. ಸೈಕಲ್ಲಿನಲ್ಲಿ ಬಂದವರು ಮಾತ್ರ ಉತ್ತರಕ್ಕೆ, ಕಡಲಬದಿಯ ಸಣ್ಣ ರಸ್ತೆಗೆ ಹೊರಳುತ್ತಾರೆ. ಒಂದು ಕಡೆ ಅಲೆ, ಇನ್ನೊಂದು ಕಡೆ ತೆಂಗಿನ ತೋಟ, ಮೀನುಗಾರರ ಮನೆಗಳು, ಅಂಗಳದಲ್ಲಿ ಹರವಿದ ಬಲೆ, ಮಧ್ಯೆ ಒಂದೊಂದು ಭಜನಾ ಮಂದಿರ. ಎದುರಿನಿಂದ ಕಾರು ಬಂದರೆ ಎರಡೂ ಕಡೆಯವರು ನಿಧಾನಿಸಲೇಬೇಕು, ರಸ್ತೆ ಅಷ್ಟು ಕಿರಿದು. ಅದಕ್ಕೇ ಅವಸರದವರು ಈ ಕಡೆ ಬರುವುದಿಲ್ಲ.

ಸೈಕಲ್ ಪ್ರವಾಸ ಎಂದರೆ ಇದೇ. ಇದು ರೇಸ್ ಅಲ್ಲ. 200 ಕಿ.ಮೀ. ದೂರವನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕೆನ್ನುವ ಬ್ರೆವೆ ಸವಾರಿಯೂ ಅಲ್ಲ. ಹಿಂದಿನ ಕ್ಯಾರಿಯರಿಗೆ ಒಂದು ಜೊತೆ ಬಟ್ಟೆ, ನೀರು, ಪಂಕ್ಚರ್ ಹಾಕುವ ಸಾಮಾನು ಕಟ್ಟಿಕೊಂಡು, ದಿನಕ್ಕೆ ನಲವತ್ತೋ ಐವತ್ತೋ ಕಿಲೋಮೀಟರ್ ಸಾಗಿ, ನಡುನಡುವೆ ಇಳಿದು ಊರು ನೋಡುವುದು. ಯುರೋಪಿನಲ್ಲಿ ಇದಕ್ಕೆಂದೇ ದಾರಿ ಮಾಡಿದ್ದಾರೆ. ಫ್ರಾನ್ಸಿನ ಬರ್ಗಂಡಿಯಲ್ಲಿ ರೈಲು ನಿಂತುಹೋದ ಹಳಿಯ ಜಾಡಿಗೆ ಡಾಂಬರು ಹಾಕಿ, ಜಿವ್ರಿಯಿಂದ ಕ್ಲೂನಿವರೆಗೆ ದ್ರಾಕ್ಷಿ ತೋಟಗಳ ನಡುವೆ ಮೋಟಾರು ವಾಹನ ಬರದ ಹಾದಿಯನ್ನು 1997ರಲ್ಲಿ ತೆರೆದರು. ನಮ್ಮ ಉಡುಪಿ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ನಮ್ಮಲ್ಲಿ ಅಂಥ ದಾರಿಯನ್ನು ಯಾರೂ ಕಟ್ಟಿಲ್ಲ. ಕಟ್ಟಬೇಕಾದ ಅಗತ್ಯವೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಕಾರಣ ನಮ್ಮ ಊರುಗಳ ರಚನೆಯಲ್ಲಿದೆ. ಘಟ್ಟದ ಮೇಲಿನ ಹಳ್ಳಿಗಳ ಹಾಗೆ ಇಲ್ಲಿ ಮನೆಗಳು ಒಂದೇ ಕಡೆ ಗುಂಪಾಗಿಲ್ಲ. ಅವರವರ ಗದ್ದೆಯ ಅಂಚಿನಲ್ಲಿ, ತೋಟದ ನಡುವೆ ಅವರವರ ಮನೆ. ಆದ್ದರಿಂದ ಮನೆಮನೆಗೂ ಗರಡಿಗೂ ದೈವಸ್ಥಾನಕ್ಕೂ ಒಂದೊಂದು ದಾರಿ ಬೇಕಾಯಿತು. ಕಾಲುದಾರಿಗಳೆಲ್ಲ ಒಂದೊಂದಾಗಿ ಡಾಂಬರು, ಕಾಂಕ್ರೀಟು ಕಂಡವು. ಎರಡು ಊರುಗಳ ನಡುವೆ ಮುಖ್ಯ ರಸ್ತೆ ಒಂದೇ ಇದ್ದರೂ ಒಳರಸ್ತೆಗಳು ಹಲವು. ಬಸ್ಸು, ಟಿಪ್ಪರ್ ಎಲ್ಲ ಮುಖ್ಯ ರಸ್ತೆಯಲ್ಲಿ ಓಡುತ್ತವೆ, ಒಳರಸ್ತೆ ಸೈಕಲ್ಲಿಗೆ ಬಿಟ್ಟಂತಿದೆ.

ಬರ್ಗಂಡಿಗೆ ದ್ರಾಕ್ಷಿಯಿದ್ದರೆ ನಮಗೆ ಗುಳ್ಳ ಎಂಬ ಬದನೆಯಿದೆ. ಕಾಪುವಿನಿಂದ ಉತ್ತರಕ್ಕೆ ಅದೇ ಕಡಲಬದಿಯ ರಸ್ತೆಯಲ್ಲಿ ಸಿಗುವ, ಕಡಲಿಗೂ ಹೊಳೆಗೂ ನಡುವೆ ಸಿಕ್ಕಿಕೊಂಡ ಮಟ್ಟು ಗ್ರಾಮದಲ್ಲಿ ಮಳೆಗಾಲದ ಭತ್ತ ಮುಗಿದ ಮೇಲೆ ಅದೇ ಗದ್ದೆಗಳಲ್ಲಿ ಏರು ಮಾಡಿ ಗುಳ್ಳದ ಸಸಿ ನೆಡುತ್ತಾರೆ. ಜನವರಿಯ ಹೊತ್ತಿಗೆ ಗಿಡದ ತುಂಬ ಕಾಯಿ. ಗುಂಡಗಿನ ತಿಳಿಹಸಿರು ಕಾಯಿ, ಮೈಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಸೋದೆ ಮಠದ ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರೆಂಬುದು ಊರಿನ ನಂಬಿಕೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಉಡುಪಿಯಲ್ಲಿ ನಡೆಯುವ ಪರ್ಯಾಯ ಉತ್ಸವಕ್ಕೆ ಇಲ್ಲಿಂದ ಹೊರೆಕಾಣಿಕೆ ಹೋಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕ ಮೇಲೆ ಬೇರೆ ಬದನೆಯನ್ನು ಇದೇ ಹೆಸರಿನಲ್ಲಿ ಮಾರಬಾರದೆಂದು ಬೆಳೆಗಾರರು ಕಾಯಿಗೆ ಸ್ಟಿಕ್ಕರ್ ಅಂಟಿಸಿ ಕಳಿಸುತ್ತಾರೆ. ಕಾರಿನ ಕಿಟಕಿಯಿಂದ ಇದೆಲ್ಲ ಹಸಿರು ಗದ್ದೆಯಾಗಿ ಸರಿದುಹೋಗುತ್ತದೆ. ಸೈಕಲ್ ನಿಲ್ಲಿಸಿ ಮಾತಾಡಿಸಿದರೆ ಗಿಡದ ಬುಡಕ್ಕೆ ಉಪ್ಪುನೀರು ಏರಿದಾಗಿನ ಸಂಕಟವನ್ನೂ ಬೆಳೆಗಾರರ ಬಾಯಿಂದಲೇ ಕೇಳಬಹುದು.

ಮಟ್ಟುವಿನಿಂದ ಹೊಳೆ ಮತ್ತು ಕಡಲ ನಡುವಿನ ಪಟ್ಟಿಯಲ್ಲೇ ಪಡುಕೆರೆ ದಾಟಿ ಮಲ್ಪೆಗೆ ಹೋಗಬಹುದು. ಅದು ಕರಾವಳಿಯ ಅತಿ ಚಂದದ ಸೈಕಲ್ ದಾರಿ. ಕಾರ್ಕಳಕ್ಕೆ ಹೊರಟವರು ಮಾತ್ರ ಕಟಪಾಡಿಯತ್ತ ತಿರುಗಬೇಕು. ಅಲ್ಲಿ ಹೆದ್ದಾರಿ ದಾಟುವ ಕಡೆಯೇ ಇಡೀ ಪ್ರಯಾಣದ ಅಪಾಯದ ಜಾಗ. ಇಳಿದು, ಸೈಕಲ್ ತಳ್ಳಿಕೊಂಡೇ ದಾಟಿ.

ಮುಂದೆ ಶಂಕರಪುರ. ಬೆಳಿಗ್ಗೆ ಒಂಬತ್ತರೊಳಗೆ ತಲುಪಿದರೆ ಮಲ್ಲಿಗೆಯ ಕೆಲಸ ಕಣ್ಣಾರೆ ಕಾಣುತ್ತದೆ. ಬಿಸಿಲೇರುವ ಮೊದಲೇ ಕೊಯ್ದ ಮೊಗ್ಗಿನ ರಾಶಿ ಜಗಲಿಯಲ್ಲಿ, ಅದರ ಸುತ್ತ ಮನೆಮಂದಿ. ನೆನೆಸಿದ ಬಾಳೆನಾರನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡ ಅಜ್ಜಿಯೊಬ್ಬರು ಮೊಗ್ಗಿನತ್ತ ನೋಡದೆಯೇ ಕಟ್ಟುತ್ತ ಹೋಗುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ದಿನದ ಅಟ್ಟೆಯ ದರ ಇಲ್ಲಿ ನಿಗದಿಯಾಗಿ ಊರೂರಿಗೆ ಗೊತ್ತಾಗುತ್ತದೆ, ಹೂವು ಮಂಗಳೂರಿಗೆ, ಮುಂಬಯಿಗೆ ಹೊರಡುತ್ತದೆ. ಮನೆ ಹಿತ್ತಿಲಿನ ಹತ್ತಿಪ್ಪತ್ತು ಗಿಡಗಳಿಂದ ಮಕ್ಕಳ ಫೀಸು ಕಟ್ಟಿದ ಮನೆಗಳು ಈ ದಾರಿಯುದ್ದಕ್ಕೂ ಇವೆ. ಇಲ್ಲಿ ಹೂವು ಕಾಣುವ ಮೊದಲೇ ಪರಿಮಳ ತಾಗುತ್ತದೆ, ಅದಕ್ಕೆ ಸೈಕಲ್ಲಿನ ವೇಗವೇ ಸರಿ.

ಶಿರ್ವ ದಾಟಿದ ಮೇಲೆ ನೆಲದ ಗುಣ ಬದಲಾಗುತ್ತದೆ. ಬೈಲಿಗೆ ಇಳಿದು ಪದವಿಗೆ ಏರುವುದು, ಮತ್ತೆ ಇಳಿದು ಮತ್ತೆ ಏರುವುದು. ಪದವಿನಲ್ಲಿ ಮುರಕಲ್ಲು, ಗೇರು ಮರ. ಬೈಲಿನಲ್ಲಿ ಗದ್ದೆ, ಅಡಿಕೆ, ತೋಡಿನ ನೀರು. ಬೆಳ್ಮಣ್, ನಿಟ್ಟೆಯ ಮುಖ್ಯ ರಸ್ತೆ ಸುಲಭವಾದರೂ ವಾಹನ ಹೆಚ್ಚು. ಮೂಡುಬೆಳ್ಳೆ, ಪಳ್ಳಿ ಕಡೆಯ ಒಳರಸ್ತೆಗಳಲ್ಲಿ ಏರು ಜಾಸ್ತಿ, ನೆಮ್ಮದಿಯೂ ಜಾಸ್ತಿ.

ಕಡಲಿನಿಂದ ಕಾರ್ಕಳದ ಕಡೆಗೆ ಹೋಗುವುದೇ ಏಕೆ, ತಿರುಗಾಮುರುಗಾ ಏಕಲ್ಲ ಎಂದು ಕೇಳುವವರಿದ್ದಾರೆ. ಇದರಲ್ಲಿ ಗಾಳಿಯ ಲೆಕ್ಕವಿದೆ. ಚಳಿಗಾಲದ ಬೆಳಗಿನಲ್ಲಿ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಕಡಲಗಾಳಿ ವಾಯವ್ಯದಿಂದ ಒಳನಾಡಿಗೆ ನುಗ್ಗುತ್ತದೆ. ಬೆಳಿಗ್ಗೆ ಉತ್ತರಕ್ಕೆ ಹೋಗಿ ಮಧ್ಯಾಹ್ನ ಪೂರ್ವಕ್ಕೆ ತಿರುಗಿದವರ ಬೆನ್ನಿಗೆ ಗಾಳಿ ಕೈಕೊಟ್ಟು ತಳ್ಳುತ್ತದೆ. ದಣಿದ ಕಾಲಿಗೆ ಇದು ಸಣ್ಣ ಸಹಾಯವಲ್ಲ.

ಕಾರ್ಕಳದಲ್ಲಿ ಸೈಕಲ್ಲನ್ನು ಕೆಳಗೇ ಬಿಟ್ಟು ಗೊಮ್ಮಟನ ಬೆಟ್ಟ ಹತ್ತಬೇಕು. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಮೂರ್ತಿ, ಎದುರಿಗೆ 1586ರ ಚತುರ್ಮುಖ ಬಸದಿ. ಬೆಟ್ಟದ ಮೇಲಿಂದ ಪೂರ್ವಕ್ಕೆ ನೋಡಿದರೆ ಘಟ್ಟದ ಸಾಲು ಪೂರ್ತಿ ಕಾಣುತ್ತದೆ. ಮರುದಿನದ ದಾರಿ ಅದೇ: ಬಜಗೋಳಿ, ಮಾಳದ ಮೂಲಕ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು, ಇಲ್ಲವೇ ಹೆಬ್ರಿ, ಸೋಮೇಶ್ವರ ದಾಟಿ 14 ತಿರುವಿನ ಆಗುಂಬೆ ಘಾಟಿ. ಮಾಳದ ಕಡೆ ಹೋಗುವವರು ಅರಣ್ಯ ಇಲಾಖೆಯ ತಪಾಸಣಾ ಠಾಣೆಯಲ್ಲಿ ಕೇಳಿಯೇ ಮುಂದುವರಿಯಬೇಕು. ಕಾಡಿನ ನಡುವೆ ನಿಂತು ಸದ್ದು ಮಾಡುವುದು, ತಿಂಡಿ ಪೊಟ್ಟಣ ಎಸೆಯುವುದು ಎರಡೂ ತಪ್ಪು.

ಘಾಟಿಗೆ ಗೇರ್ ಬೇಕು. ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲಿನ ಚಕ್ರವಿದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಎರಡು ಮೀಟರಿನಷ್ಟೇ ಮುಂದೆ ಹೋಗುತ್ತದೆ, ಆದರೆ ಕಾಲು ಸೋಲುವುದಿಲ್ಲ. ಕಾರ್ಕಳದವರೆಗಾದರೆ ಯಾವ ಸೈಕಲ್ಲಾದರೂ ನಡೆದೀತು. 2006-07ರಿಂದ ಸರ್ಕಾರ ಎಂಟನೇ ತರಗತಿಯವರಿಗೆ ಕೊಟ್ಟ ಸೈಕಲ್‌ಗಳು ಎಷ್ಟೋ ಮನೆಗಳ ಹಿಂಭಾಗದಲ್ಲಿ ಇನ್ನೂ ಇವೆ. ಹಾರ್ನ್ ಒತ್ತುತ್ತ ಮನೆಮನೆಗೆ ಬರುತ್ತಿದ್ದ ಮೀನಿನವರು ಬುಟ್ಟಿ ತುಂಬ ಬಂಗುಡೆ ಹೊತ್ತು ಇದೇ ಏರುಗಳನ್ನು ಗೇರಿಲ್ಲದ ಸೈಕಲ್ಲಿನಲ್ಲಿ ದಾಟಿದವರು. ಒಂದು ಎಚ್ಚರ: ಉಪ್ಪುಗಾಳಿ ಚೈನನ್ನು ಬೇಗ ತಿನ್ನುತ್ತದೆ. ಕಡಲಬದಿಯಿಂದ ಬಂದ ದಿನವೇ ಒರೆಸಿ ಎಣ್ಣೆ ಬಿಡಬೇಕು. ಊರೂರಿನ ಸೈಕಲ್ ಶಾಪ್‌ಗಳು ಕಡಿಮೆಯಾಗಿರುವುದರಿಂದ ಪಂಕ್ಚರ್ ಹಾಕಲು ಕಲಿತೇ ಹೊರಡಬೇಕು.

ಈ ದಾರಿಗಳಿಗೆ ಈಗ ಬೇಕಾಗಿರುವುದು ಹೆಚ್ಚೇನಲ್ಲ. ತಿರುವುಗಳಲ್ಲಿ ಊರಿನ ಹೆಸರು, ದೂರ ಬರೆದ ಸಣ್ಣ ಫಲಕಗಳು, ಕಟಪಾಡಿಯಂಥ ಕಡೆ ಹೆದ್ದಾರಿ ದಾಟಲು ಸುರಕ್ಷಿತ ವ್ಯವಸ್ಥೆ. ಅದಕ್ಕಿಂತ ಮುಖ್ಯವಾಗಿ, ಕಡಲಬದಿಯ ರಸ್ತೆಯನ್ನು ಅಗಲ ಮಾಡುವ ಉತ್ಸಾಹ ಯಾರಿಗೂ ಬರಬಾರದು. ಅಗಲವಾದ ದಿನವೇ ಅಲ್ಲಿಗೆ ಅವಸರವೂ ಬರುತ್ತದೆ. ಪಂಚಾಯತ್‌ಗಳೂ ಪ್ರವಾಸೋದ್ಯಮ ಇಲಾಖೆಯೂ ಇಷ್ಟು ಮನಸ್ಸು ಮಾಡಲಿ.

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮೊದಲ ಸಲ ಹೊರಡುವವರು ಕಾಪುವಿನಿಂದ ಮಟ್ಟುವರೆಗೆ ಹೋಗಿಬಂದರೆ ಸಾಕು, ಕಾರ್ಕಳ ಮುಂದಿನ ಸಲಕ್ಕಿರಲಿ.