ಇರುವೆಗಳಂತೆ ಒಗ್ಗೂಡಿ ಭಾರವನ್ನೆಳೆಯುವ ಸಣ್ಣ ಯಂತ್ರಗಳು

ಕೆಸರಿನಲ್ಲಿ ಹೂತ ಗಾಡಿಗೆ ಎರಡು ಜೊತೆ ಎತ್ತುಗಳನ್ನು ಕಟ್ಟಿದರೂ, ಅವು ಒಂದಾದ ಮೇಲೊಂದು ಜಗ್ಗಿದರೆ ಗಾಡಿಯು ಕದಲದೆಂಬುದನ್ನು ಪಟೇಲರೂ ಜಮೀನುದಾರರೂ ಬಲ್ಲರು. ಇದೇ ತತ್ತ್ವವನ್ನು ಅಮೆರಿಕಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2016ನೆಯ ಇಸವಿಯಲ್ಲಿ ಪ್ರಯೋಗದಿಂದ ತೋರಿಸಿರುತ್ತಾರೆ. ತಲಾ 17 ಗ್ರಾಂ ತೂಕದ, ರೋಬೋಟ್ ಎಂಬ ಆರು ಯಂತ್ರಗಳು ಸೇರಿ ಸುಮಾರು 1,800 ಕಿಲೋಗ್ರಾಂ ತೂಕದ ಮೋಟಾರು ಕಾರನ್ನು ನುಣುಪಾದ ಕಾಂಕ್ರೀಟು ನೆಲದ ಮೇಲೆ ಎಳೆದುವು.

ಇದಕ್ಕೆ ಕಾರಣಗಳು ಎರಡು. ಮೊದಲನೆಯದು ಹಿಡಿತ. ಹಲ್ಲಿಯ ಪಾದದ ಮಾದರಿಯ ಅಡಿಪಟ್ಟಿಯು ಎಳೆತ ಬಿದ್ದಾಗ ನೆಲವನ್ನು ಬಿಗಿಯಾಗಿ ಹಿಡಿದು, ಎಳೆತ ನಿಂತೊಡನೆ ಬಿಡುತ್ತದೆ. ಎರಡನೆಯದು ಇರುವೆಗಳಂಥ ಹೊಂದಾಣಿಕೆ. ಕ್ಷಣಕ್ಷಣಕ್ಕೆ ಜಗ್ಗಿದರೆ ಬಲಗಳು ಒಂದುಗೂಡುವುದಿಲ್ಲ. ನಿಧಾನವಾಗಿ ಬಿಡದೆ ಎಳೆದರೆ ಆರರ ಬಲವೂ ಕೂಡುತ್ತದೆ. ಹೀಗೆ ಕೂಡಿದ ಎಳೆತವು 20 ಕಿಲೋಗ್ರಾಂ ಭಾರಕ್ಕೆ ಸಮನಾಯಿತು. ಕಾರನ್ನು ಎತ್ತದೆ ಚಕ್ರಗಳ ಮೇಲೆ ಉರುಳಿಸಿದುದರಿಂದ ಅಷ್ಟೇ ಸಾಕಾಯಿತು.

ಆ ಹಿಡಿತವು ನುಣುಪಾದ ನೆಲದಲ್ಲಿ ಮಾತ್ರ ಸಾಧ್ಯ. ಆದುದರಿಂದ ಮಣ್ಣಿನ ಹೊಲಕ್ಕೆ ಈ ಯಂತ್ರಗಳು ಒದಗತಕ್ಕವಲ್ಲ. ಆದರೆ ತತ್ತ್ವವು ಒದಗುವುದು. ಹೂತ ಗಾಡಿಗೆ ಮತ್ತಷ್ಟು ಎತ್ತುಗಳನ್ನು ತರುವುದಕ್ಕೆ ಮೊದಲು, ಇರುವ ಎತ್ತುಗಳ ಹಗ್ಗಗಳನ್ನು ಸಮವಾಗಿ ಬಿಗಿದು, ಚಾಟಿಯಿಂದ ಬೆದರಿಸದೆ, ಎಲ್ಲವನ್ನೂ ಏಕಕಾಲದಲ್ಲಿ ಎಳೆಯಿಸತಕ್ಕದ್ದು.